ಹದಿಮೂರನೇ ದಿನ

ಬೀರಲಿಂಗಪ್ಪನ ಹಟ್ಟಿಯಲ್ಲಿ ಮೂವತ್ತೆರಡು ಕುರಿ,
ಬಾಲದ ಕೆಳಗೆ ಒಂದೊಂದಕ್ಕೂ
ಗೇಣು ಬಿಳಿ ದಾರ.
ದಾರದ ಆ ತುದಿಗೆ ಸ್ಪಂಜು, ಸ್ಪಂಜಿನಲ್ಲಿ ಔಷಧಿ,
ಔಷಧಿಯಲ್ಲಿ ಒಂದು ಸುಳ್ಳು:
ನೀನಾಗಲೇ ಬಸುರಿ, ಸುಮ್ಮನಿರು.
ಮೈ ನಂಬುತ್ತದೆ.
ಮೈಯಂಥ ಪೆದ್ದು ಇನ್ನೊಂದಿಲ್ಲ.

ಜಾವಗಲ್ಲಿನಿಂದ ನನ್ನ ಸ್ಕೂಟರು, ಮಡಿಲಲ್ಲಿ ಐಸ್ ಡಬ್ಬಿ ಹಿಡಿದ
ಅಟೆಂಡರ್ ಪುಟ್ಟರಂಗಯ್ಯನ ಕೆಮ್ಮು.
'ಎಲ್ಲಕ್ಕೂ ಒಂದೇ ದಿನ ಬೆದೆ ಬಂದ್ರೆ ಡಾಕ್ಟ್ರಮ್ಮ,
ನಮ್ಮದೊಂದು ಟಗರು ಏನ್ ಮಾಡ್ಬೇಕು?'
ಹೆಂಗಸರು ಸೆರಗಿನಲ್ಲಿ ನಕ್ಕರು.
ಕಣಕಟ್ಟೆಯ ಬೀಗರ ಮನೆಯಿಂದ ಇನ್ನೂ ನಾಲ್ಕು ಬರಲಿ,
ಎಂದು ಬರೆದುಕೊಂಡೆ.
ಆತ ಕಂಬಳಿ ಕೊಡವಿ ಅಂದ:
'ನಮ್ಮಪ್ಪ ಟಗರಿನ ಹೊಟ್ಟೆಗೆ ಗೋಣಿತಟ್ಟು ಕಟ್ತಿದ್ದ,
ಮರಿ ಬೇಡದ ತಿಂಗಳಲ್ಲಿ.
ನೀವು ಕುರಿಗೇ ಕಟ್ಟಿದ್ರಿ,
ಒಳಗಿಂದ.'

ಇರಬಹುದು.

ಅಂಡ ಬಿರಿದ ಗಾಯದಲ್ಲಿ ಒಂದು ಗುಳ್ಳೆ ಏಳುತ್ತದೆ,
ಕಡಲೆಕಾಳಿಗಿಂತ ತುಸು ದಪ್ಪ.
ಪುಸ್ತಕದಲ್ಲಿ ಅದಕ್ಕೆ ಹಳದಿ ಎಂದು ಹೆಸರು,
ಹಾಸನದ ಕಾಲೇಜಿನ ಟ್ರೇಯಲ್ಲಿ ಕೊಯ್ದು ನೋಡಿದಾಗ
ನಸುಗೆಂಪು.
ಅದು ಇರುವ ತನಕ ಬೆದೆಯಿಲ್ಲ.
ಹದಿಮೂರನೇ ದಿನದ ಹೊತ್ತಿಗೆ
ಗರ್ಭಕೋಶ ಕತ್ತಲಲ್ಲಿ ಕೂಗುತ್ತದೆ, ಯಾರಾದರೂ ಇದ್ದೀರಾ?
ಸದ್ದಿಲ್ಲದಿದ್ದರೆ ತಾನೇ ಗುಳ್ಳೆಗೆ ಕೊಳ್ಳಿ ಇಟ್ಟು
ಹದಿನೇಳಕ್ಕೆ ಮತ್ತೆ ಮೊದಲಿನಿಂದ.
ಇದ್ದರೆ,
ನೂಲುವಾಗ ಬೆರಳಿಗಂಟಿದ ಉಣ್ಣೆಯ ಎಳೆಯಂಥದು,
ಗೊರಸಿಲ್ಲ, ಕಣ್ಣಿಲ್ಲ,
ಬ್ಯಾ ಎನ್ನಲು ಬಾಯಿಲ್ಲ,
ಹೇಗೋ ಹೇಳುತ್ತದೆ:
ಇದ್ದೀನಿ.
ಕೊಳ್ಳಿ ಅಲ್ಲೇ ಆರುತ್ತದೆ.

ನನ್ನ ಚೀಲದಲ್ಲೂ ಒಂದು ಚೀಟಿಯಿದೆ.
ಇದೇ ಔಷಧಿಯ ಅಣ್ಣನೋ ತಮ್ಮನೋ,
ರಾತ್ರಿ ಊಟವಾದ ಮೇಲೆ ಒಂದು.
ಮನುಷ್ಯರ ದಿನದ ಲೆಕ್ಕ ಬೇರೆ.
ಎಣಿಸುವುದು ಮಾತ್ರ ಅದೇ.

ಇವತ್ತು ದಾರ ಎಳೆಯುವ ದಿನ.
ಮೂವತ್ತೊಂದು ಬಂದವು, ಪಚಕ್ಕನೆ,
ಬಕೆಟ್ಟಿನಲ್ಲಿ ವಾಸನೆ, ಸುತ್ತ ನೊಣ.
ಒಂದಕ್ಕೆ ದಾರವೇ ಇಲ್ಲ.
'ಪಕ್ಕದ್ದು ಮೇದಿರ್ತದೆ,' ಎಂದಳು ಸೊಸೆ ಕೆಂಚವ್ವ,
ಕಿವಿ ಹರಿದ ಕುರಿಯನ್ನು ತೊಡೆಸಂದಿಯಲ್ಲಿ ಅವುಚಿ.
ಎಣ್ಣೆ ಸವರಿದ ಎರಡು ಬೆರಳು. ಹುಡುಕಿದೆ.
ಕುರಿ ನನ್ನನ್ನಲ್ಲ, ಬೇಲಿಯಾಚೆ ಜಾಲಿಯನ್ನು ನೋಡುತ್ತಿತ್ತು.
ಸಿಕ್ಕಿತು.

ಕುತ್ತಿಗೆಗೆ ಒಂದೊಂದು ಸೂಜಿ.
ಇನ್ನು ಎರಡು ದಿನ, ಆಮೇಲೆ ಟಗರು ಬಿಡಿ, ಎಂದೆ.

ಕೆಂಚವ್ವ ಬೆರಳ ಗೆಣ್ಣಿನ ಮೇಲೆ ಐದು ತಿಂಗಳು ಎಣಿಸಿದಳು:
ಆಷಾಢ, ಶ್ರಾವಣ, ಭಾದ್ರಪದ...
ಹೆಬ್ಬೆರಳು ನಿಂತದ್ದು ಮಾರ್ಗಶಿರದ ಮೇಲೆ.
'ಮೂವತ್ತೆರಡೂ ಒಂದೇ ವಾರದಾಗೆ ಈದ್ರೆ,
ಆ ಚಳಿಯಾಗೆ ರಾತ್ರಿ ಎದ್ದು ಕೂರೋರು ಯಾರು,
ಡಾಕ್ಟ್ರಮ್ಮ?'

ಇಲಾಖೆಯ ಫಾರಂ ತಿರುಗಿಸಿ ನೋಡಿದೆ, ಹಿಂದೆ, ಮುಂದೆ.
ಅದಕ್ಕೆ ಕಾಲಂ ಇರಲಿಲ್ಲ.
ಕೈ ತೊಳೆಯಲು ನೀರು ಹಾಕಿದಳು,
ಚೊಂಬು ಪೂರ್ತಿ ಖಾಲಿಯಾಗುವ ತನಕ,
ನನ್ನ ಮುಖ ನೋಡುತ್ತ.