ಪೆನ್ನು ಕೊಡುವಂತಿಲ್ಲ

ಅಳೆಯುವುದು ನನ್ನ ಕೆಲಸ.
ಐದು ಮೀಟರಿನ ಟೇಪು, ನಿಯಮದ ಪುಸ್ತಕ,
ಕಾಲು ಕಚ್ಚದ ಬೂಟು.
ರೀಗಾದ ಸಭಾಂಗಣಕ್ಕೆ ಏಳಕ್ಕೇ ಬರುತ್ತೇನೆ,
ಕಾರ್ಪೆಟ್ಟಿನ ಅಂಟು ಇನ್ನೂ ಹಸಿಯಾಗಿರುವಾಗ,
ದೇಶದೇಶದ ಶ್ವಾಸಕೋಶ ತಜ್ಞರು
ಹೋಟೆಲುಗಳಲ್ಲಿ ಬೆಂದ ಮೊಟ್ಟೆ ಸುಲಿಯುತ್ತಿರುವಾಗ.

ಮೂರನೇ ಮಳಿಗೆ. ಆಳೆತ್ತರದ ಗಾಜಿನ ಶ್ವಾಸಕೋಶ,
ಒಳಗೆ ನೀಲಿ ದೀಪ ಉಸಿರೆಳೆಯುತ್ತದೆ, ಬಿಡುತ್ತದೆ.
ಇರಲಿ. ನಿಯಮಕ್ಕೆ ದೀಪದ ಮೇಲೆ ಸಿಟ್ಟಿಲ್ಲ.
ಕಾಫಿ ಕೊಡಬಹುದು,
ಲೋಟದ ಮೇಲೆ ಔಷಧದ ಹೆಸರಿರಬಾರದು.
ಬಿಸ್ಕತ್ತು ಕೊಡಬಹುದು,
ಬಿಸ್ಕತ್ತಿಗೆಂದು ಸಂಸಾರ ಸಮೇತ ಕರೆಸುವಂತಿಲ್ಲ.
ನಗಬೇಡಿ, ಹಿಂದೆ ಕರೆಸಿದ್ದರು,
ಸಮುದ್ರದ ದಂಡೆಗೆ, ನಾಲ್ಕು ದಿನ.

ಈ ದೇಶದಲ್ಲಿ ಅನುಮತಿ ಸಿಗದ ಮಾತ್ರೆಯಾದರೆ
ಹಾಗೆಂದು ಬರೆದಿರಬೇಕು, ಓದಲು ಬರುವಂತೆ.
ಯಾರಿಗೆ ಓದಲು ಬರುವಂತೆ, ಪುಸ್ತಕ ಹೇಳುವುದಿಲ್ಲ.
ಕನ್ನಡಕ ತೆಗೆದು ನೋಡಿದೆ.
ಸಾಸಿವೆಯಂಥ ಅಕ್ಷರ.
ಬರೆದುಕೊಂಡೆ.

ನನಗಿಂತ ಮುಂಚೆ ಈ ಟೇಪು ಹಿಡಿದಿದ್ದ ಇಂಟ್ಸ್ ಗ್ರಾವಿಟಿಸ್
ಹೇಳುತ್ತಿದ್ದ:
ಲಂಚ ದೊಡ್ಡದಾದರೆ ಕೈ ನಡುಗುತ್ತದೆ,
ಹಿಂದಕ್ಕೆ ತಳ್ಳಲೂಬಹುದು.
ಪೆನ್ನಿಗೆ ಯಾವ ಕೈ ನಡುಗೀತು?
ಸುಮ್ಮನೆ ಜೇಬಿಗೆ ಇಳಿಯುತ್ತದೆ,
ಹಂಗು ಅದರ ಬೆನ್ನಿಗೇ.
ಆಮೇಲೊಂದು ಮಧ್ಯಾಹ್ನ, ಹೊರಗೆ ನಲವತ್ತು ಜನ ಕೆಮ್ಮುತ್ತಿರುವಾಗ,
ಚೀಟಿಯ ಮೇಲೆ ಪೆನ್ನು
ತನ್ನ ಒಡೆಯನ ಹೆಸರು ತಾನೇ ಬರೆಯುತ್ತದೆ.
ಹದಿನೆಂಟು ವರ್ಷ ಪೆನ್ನು ಹಂಚಿದವನು ಅವನು.
ಗೊತ್ತಿತ್ತು.

ಹನ್ನೊಂದೂಕಾಲಿಗೆ ಬಿಷ್ಕೆಕ್‌ನ ಡಾಕ್ಟರೊಬ್ಬರು ಬಂದರು.
ಎದೆಯ ಬಿಲ್ಲೆಯಲ್ಲಿ ಮಿರ್ಲಾನ್ ಶಾರ್ಶೆಕೀವ್,
ಕೋಟಿನ ತೋಳು ಒಂದು ಬೆರಳು ಗಿಡ್ಡ.
ಈ ಮಾತ್ರೆ ನಮ್ಮಲ್ಲಿಗೆ ಯಾವಾಗ, ಅಂದರು.
ಮಳಿಗೆಯ ಹುಡುಗಿ ಲಾಸ್ಮಾ ಬಾಯಿಪಾಠ ಒಪ್ಪಿಸಿದಳು:
ನಿಮ್ಮ ದೇಶದಲ್ಲಿ ನೋಂದಣಿಯಾಗಿಲ್ಲ,
ಹೆಚ್ಚು ಮಾತಾಡುವ ಹಾಗಿಲ್ಲ.
ಸರಿಯಾದ ಉತ್ತರ. ನಾನೇ ಕಲಿಸಿದ್ದು.
ಬೆಲೆಯಾದರೂ?
ಮೂಲೆಯ ಬೂದು ಮೇಜು ತೋರಿಸಿದಳು.
ಅಲ್ಲಿ ದೀಪವಿಲ್ಲ, ಕಾಫಿಯಿಲ್ಲ,
ಕೇಳಿದ್ದಕ್ಕಷ್ಟೇ ಉತ್ತರಿಸುವ ಒಬ್ಬ ಮನುಷ್ಯ.
ಅವನು ಒಂದು ಅಂಕಿ ಹೇಳಿದ.

ಡಾಕ್ಟರು ಜೇಬು ತಡಕಿದರು.
ಅವರ ಪೆನ್ನು ಗೀಚಿತು, ಬರೆಯಲಿಲ್ಲ.
ಸುತ್ತ ನೋಡಿದರು:
ಇನ್ನೂರು ಮಳಿಗೆ, ಗಾಜು, ಬೆಳಕು, ಎಳೆಯ ನಗು,
ಎಲ್ಲೂ ಒಂದು ಪೆನ್ನಿಲ್ಲ.
ಲಾಸ್ಮಾ ಕೈ ಚೆಲ್ಲಿದಳು, ಕೊಡುವಂತಿಲ್ಲ.

ನನ್ನದನ್ನು ಕೊಟ್ಟೆ.
ತುದಿ ಕಚ್ಚಿದ್ದು, ಅಂಚೆ ಕಚೇರಿ ಎದುರಿನ ಅಂಗಡಿಯದು,
ಯಾರ ಹೆಸರೂ ಇಲ್ಲದ್ದು.
ಕಾಗದವಿದ್ದೂ ಅಂಗೈಯಲ್ಲೇ ಬರೆದುಕೊಂಡರು.
ಸೊನ್ನೆಗಳು ಹೆಬ್ಬೆರಳ ಬುಡ ದಾಟಿ
ಮಣಿಕಟ್ಟು ಹತ್ತಿದವು.
ಏಳು ತಿಂಗಳ ಸಂಬಳ, ಅಂದರು ರಷ್ಯನ್‌ನಲ್ಲಿ,
ಒಂದು ತಿಂಗಳ ಉಸಿರಿಗೆ.
ಬೇಡಿದ್ದಲ್ಲ, ಲೆಕ್ಕ ಹಾಕಿದ್ದು.
ನನಗೂ ಆ ಭಾಷೆ ಬರುತ್ತದೆ.
ಬಾರದವಳಂತೆ ನಿಂತೆ.

ಊಟದ ಹೊತ್ತಿಗೆ ಪುಸ್ತಕದ ಕೊನೆಯ ಪದಸೂಚಿ ತೆರೆದೆ.
ಬಲೂನು ಇದೆ, ಬಿಸ್ಕತ್ತು ಇದೆ,
ಬೆಲೆ ಇರಬೇಕಾದಲ್ಲಿ
ಭೋಜನ ಇದೆ, ಮೂರು ಉಪವಿಧಿಗಳ ಸಮೇತ.

ಸಂಜೆ ಟ್ರಾಮಿನಲ್ಲಿ ದಿನದ ದೋಷಪಟ್ಟಿ ಮುಗಿಸಬೇಕಿತ್ತು.
ಪೆನ್ನು ಅವರ ಜೊತೆ ಹೋಗಿತ್ತು.
ಪಕ್ಕದಲ್ಲಿ ಚಿತ್ರ ಗೀಚುತ್ತಿದ್ದ ಹುಡುಗನಿಂದ
ಹಸಿರು ಪೆನ್ಸಿಲ್ಲು ಕಡ ಕೇಳಿದೆ.
ಸೇತುವೆಯ ಮೇಲೆ ಟ್ರಾಮು ಅಲುಗುತ್ತಿತ್ತು, ಅಕ್ಷರವೂ.
ಮಳಿಗೆ ಮೂರು: ಸಾಸಿವೆ ಅಕ್ಷರ.
ಮಳಿಗೆ ಹದಿನಾಲ್ಕು: ಅಳತೆ ಮೀರಿದ ಚಾಕೊಲೇಟು.
ಪೆನ್ನು, ಒಂದು. ಪಡೆದವರು ವೈದ್ಯರು.
ಕೊಟ್ಟವರು ವಿಯಾ ಕಲ್ನಾಚಾ, ತಪಾಸಕಿ.

ಇಳಿಯುವ ಮುಂಚೆ ಪೆನ್ಸಿಲ್ಲು ಹಿಂದಿರುಗಿಸಿದೆ.
ಹುಡುಗ ಡಬ್ಬಿಯಲ್ಲಿಟ್ಟು
ಹನ್ನೆರಡೂ ಇವೆಯೇ ಎಂದು
ಎರಡು ಸಲ ಎಣಿಸಿಕೊಂಡ.