ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹದಿನಾಲ್ಕು ವರ್ಷ ನನ್ನ ಅಂಗಿಯ ಬಣ್ಣವೇ ಬೇರೆ.
ಉಳಿದವರಿಗೆ ಕಡುಗೆಂಪು, ನನಗೊಬ್ಬಳಿಗೆ ಹಳದಿ,
ದೂರದಿಂದಲೇ ರೆಫ್ರಿಗೆ ಗೊತ್ತಾಗಲಿ ಎಂದು:
ಇವಳು ಲಿಬೆರೊ. ಇವಳು ಸರ್ವ್ ಮಾಡುವ ಹಾಗಿಲ್ಲ,
ಬಲೆಗಿಂತ ಮೇಲಿರುವ ಚೆಂಡನ್ನು ಆಚೆಗೆ ಹೊಡೆಯುವ ಹಾಗಿಲ್ಲ,
ತಡೆಯಲು ಎದ್ದು ಕೈಯೆತ್ತುವ ಹಾಗೂ ಇಲ್ಲ.

ಲಿಯೆಪಾಯಾದ ಹಳೇ ಹಾಲ್‌ನಲ್ಲಿ,
ಹೊರಗೆ ಮೈನಸ್ ಹನ್ನೆರಡು, ಒಳಗೆ ವಾರ್ನಿಷ್ ವಾಸನೆ,
ಆರು ಮಂದಿ ಪ್ರದಕ್ಷಿಣೆ ಬರುತ್ತಿದ್ದೆವು,
ಎದುರಿನವರ ಸರ್ವ್ ಕಸಿದಾಗೊಮ್ಮೆ ಒಂದೊಂದು ಮನೆ.
ಬಲೆಯ ಸಾಲು ಬಂತೋ, ನಾನು ಹೊರಗೆ,
ಗರ್ಭಗುಡಿಯ ಹೊಸ್ತಿಲಲ್ಲಿ ತಡೆದ ಹಾಗೆ.
ಹಿಂದಿನ ಸಾಲು ಬಂತೋ, ಮತ್ತೆ ಒಳಗೆ.
ಬೇರೆಯವರು ಬದಲಾದರೆ ಸೀಟಿ, ನಂಬರಿನ ಫಲಕ,
ಸೆಟ್ಟಿಗೆ ಆರೇ ಸಲ.
ನನ್ನ ಬರುವು ಹೋಗುವು ಆ ಆರರಲ್ಲಿ ಸೇರುತ್ತಿರಲಿಲ್ಲ.
ಲೆಕ್ಕ ಇಟ್ಟಿದ್ದು
ಮೊಣಕಾಲುಗಳು ಮಾತ್ರ.

ಮೂವತ್ತೊಂಬತ್ತಕ್ಕೆ ಕ್ಲಬ್ಬು ಹೂಗುಚ್ಛ ಕೊಟ್ಟು ಕಳಿಸಿತು.
ಜೂನಿನಲ್ಲಿ ಝೈಗಾ ಬಂದು
'ಮರಳಿಗೆ ಬಾ' ಎಂದಳು.

ಮರಳಲ್ಲಿ ಇಬ್ಬರೇ.
ಬದಲಿ ಇಲ್ಲ, ನಿಲ್ಲುವ ಜಾಗ ಗೊತ್ತುಮಾಡಿಲ್ಲ,
ಒಬ್ಬಳಿಗೇ ಬೇರೆ ಬಣ್ಣವಿಲ್ಲ.
ಕೋಚ್ ಎಗೋನ್ಸ್ ಬಾಯಿ ಬಿಡುವ ಹಾಗಿಲ್ಲ:
ಜನರ ನಡುವೆ ಕೂತು ಸೂರ್ಯಕಾಂತಿ ಬೀಜ ಜಗಿಯುತ್ತಾನೆ,
ಸಿಪ್ಪೆ ಉಗಿಯುವ ಬಗೆಯಲ್ಲೇ ಬೈಗುಳ.
ಇಪ್ಪತ್ತೈದರ ಸೆಟ್ಟು ಇಲ್ಲಿ ಇಪ್ಪತ್ತೊಂದಕ್ಕೆ,
ಐದರಲ್ಲಿ ಮೂರಲ್ಲ, ಮೂರರಲ್ಲಿ ಎರಡು ಗೆದ್ದರೆ ಸಾಕು.
ಕೊನೆಯದು ಮಾತ್ರ ಎರಡೂ ಕಡೆ ಹದಿನೈದು,
ಅದೂ ಎರಡು ಪಾಯಿಂಟು ಮುಂದಿದ್ದರೆ.
ಬೆರಳ ತುದಿಯಿಂದ ಮೆಲ್ಲಗೆ ಆಚೆ ದಾಟಿಸಿದರೆ ತಪ್ಪು,
ಗೆಣ್ಣಿನಿಂದ ಕುಟ್ಟಬೇಕು.
ಏಳು ಪಾಯಿಂಟಿಗೊಮ್ಮೆ ಅಂಕಣ ಅದಲುಬದಲು,
ಬಾಲ್ಟಿಕ್ ಗಾಳಿ ಇಬ್ಬರ ಕಣ್ಣಿಗೂ ಸಮನಾಗಿ ಮರಳೆರಚಲಿ ಎಂದು.
ಇಂಥ ನ್ಯಾಯ ಬೇರೆಲ್ಲೂ ನಾನು ಕಂಡಿಲ್ಲ.

ಮೊದಲ ಪಂದ್ಯ. ಝೈಗಾ ಚೆಂಡನ್ನು ಕೈಗಿಟ್ಟು,
'ಸ್ಕೈದ್ರೀತೆ, ಸರ್ವ್ ನಿನ್ನದು.'
ಸೀಟಿ ಊದಿದ ಮೇಲೂ ನಿಂತೇ ಇದ್ದೆ,
ಯಾರೋ ಬಂದು ಬೇಡ ಅನ್ನುತ್ತಾರೇನೋ ಅಂತ.
ಹೊಡೆದೆ.
ಬಲೆಯ ನಡುಮಧ್ಯಕ್ಕೆ.

ಮೂರನೇ ಸೆಟ್ಟು. ಹದಿಮೂರು, ಹದಿನಾಲ್ಕು.
ಸರ್ವ್ ಝೈಗಾಳದು. ಬಲೆಯ ಬುಡದಲ್ಲಿ ನಾನು,
ಬೆನ್ನ ಹಿಂದೆ ಅವಳಿಗೆ ಕಾಣುವಂತೆ ಒಂದು ಬೆರಳು:
ಗೆರೆಯ ಕಡೆ ನನಗೆ ಬಿಡು.
ಪ್ಯಾರ್ನುವಿನ ನೀಳ ಹುಡುಗಿ ಮೇಲೆದ್ದಳು. ನಾನೂ ಎದ್ದೆ.
ಕಿರುಬೆರಳ ಉಗುರು ಸವರಿ ಚೆಂಡು ಹಿಂದಕ್ಕೆ,
ಝೈಗಾ ಬಿದ್ದು ಎತ್ತಿದಳು, ನಾನು ತಿರುಗಿ ಏರಿಸಿದೆ,
ಅವಳು ಕುಟ್ಟಿದಳು ಖಾಲಿ ಮೂಲೆಗೆ.
ರೆಫ್ರಿಯ ಕೈ ನಮ್ಮ ಕಡೆ. ಹದಿನಾಲ್ಕು ಸಮ.
ಜನ ಎದ್ದು ನಿಂತಿದ್ದರು.

ಹಾಲ್‌ನಲ್ಲಿ ತಡೆದ ಕೈಗೆ ತಗುಲಿದ್ದು ಲೆಕ್ಕಕ್ಕಿಲ್ಲ,
ಅದಾದ ಮೇಲೂ ಮೂರು ಉಂಟು.
ಮರಳಲ್ಲಿ ಅದೇ ಮೊದಲನೆಯದು.
ಒಂದು, ಉಗುರು. ಎರಡು, ಝೈಗಾ.
ಮೂರು, ನಾನು. ಹಾಗಾದರೆ ಆ ಕುಟ್ಟಿದ್ದು?

ಯಾರೂ ನೋಡಿರಲಿಲ್ಲ.
ಏಣಿಯ ಬುಡಕ್ಕೆ ಹೋಗಿ ಕಿರುಬೆರಳೆತ್ತಿದೆ.
'ಮುಟ್ಟಿತ್ತು.'
ಅವರು ಬಗ್ಗಿ, ಗಾಳಿಗೆ ಕಿವಿಗೊಟ್ಟು, 'ಏನಂದಿರಿ?'
'ನನಗೆ ಮುಟ್ಟಿತ್ತು. ಎಣಿಸಿಕೊಳ್ಳಿ.'

ಹದಿಮೂರು, ಹದಿನೈದು.
ಝೈಗಾ ಸಂಜೆಯವರೆಗೂ ಮಾತಾಡಲಿಲ್ಲ.
ಎಗೋನ್ಸ್‌ನ ಬಾಯಲ್ಲಿ ಬೀಜ ಹಾಗೇ ಉಳಿದಿತ್ತು.
ಮನೆಗೆ ಹೊರಟ ಬಸ್ಸಿನಲ್ಲಿ ನೋಡಿಕೊಂಡೆ,
ಕಿರುಬೆರಳು ಸಣ್ಣಗೆ ಊದಿತ್ತು.
ಐಸ್ ಇಡಲಿಲ್ಲ.