ಕಣ್ಣಳತೆ

ಮೊಳೆಗೆ ತೂಗಿದ ದಾರಗಳಲ್ಲಿ ಮುಖಗಳಿವೆ.
ಎರಡು ಗಂಟು, ನಡುವೆ ಒಬ್ಬನ ಕಣ್ಣಿನಿಂದ ಕಣ್ಣಿಗಿರುವ ದೂರ.
ಹೊಗೆ ಹಿಡಿದದ್ದು ಬಟ್ಯನದು, ಪಕ್ಕದ್ದು ಕಾಂತುವಿನದು;
ಈ ನೈಲಾನು, ಉಪ್ಪಳದ ಪೆಟ್ರೋಲ್ ಬಂಕಿನಿಂದ
ಸಮವಸ್ತ್ರದಲ್ಲೇ ಬಂದು ಕೂತ ಮೊಮ್ಮಗನದು.
ಅಪ್ಪ ಅವನ ದವಡೆ ಒತ್ತಿ ನೋಡಿ
“ದಪ್ಪವಾಗಿದ್ದಿ, ಒಳಗೆ ಇನ್ನೆರಡು ನೂಲು ಕೊರೆಯಬೇಕು” ಎಂದ.

ದೊಂದಿಯ ಬೆಳಕಿಗೆ ಆ ತೂತುಗಳಿಂದ ಇವನು ನೋಡಿದರೆ
ಗುತ್ತಿನ ಯಜಮಾನನೂ ಒಂದು ಹೆಜ್ಜೆ ಹಿಂದಿಡುತ್ತಾನೆ.
ಮರುದಿನ ಅದೇ ಯಜಮಾನ ಕಾರಿನ ಗಾಜಿಳಿಸಿ,
ಮುಖ ನೋಡದೆ, “ಐನೂರಕ್ಕೆ ಹಾಕು.”

ಬೇಕಲದ ಹೋಟೆಲಿನವರಿಗೆ ಹನ್ನೆರಡು ಗುಳಿಗ ಬೇಕಂತೆ.
ಕಣ್ಣು ಕೊರೆಯಬೇಡಿ, ಬಣ್ಣದಲ್ಲಿ ಬರೆದರೆ ಸಾಕು,
ಇಲ್ಲದಿದ್ದರೆ ಹಿಂದಿನ ಗೋಡೆ ಕಾಣುತ್ತದೆ.
ಮುಂಗಡ ಎಣಿಸಿಕೊಂಡವಳು ನಾನೇ.
ಇಂಗಳೀಕ ಅರೆದ ಕಲ್ಲು ಈಗ ಬಾಗಿಲಿಗೆ ಒತ್ತು;
ನನ್ನ ಕೆಂಪು ಬದಿಯಡ್ಕದ ಡಬ್ಬಿಯಲ್ಲಿ ಬರುತ್ತದೆ,
ಒಂದೇ ರಾತ್ರಿಗೆ ಒಣಗುತ್ತದೆ. ಅದಕ್ಕೇನೂ ನಾಚಿಕೆಯಿಲ್ಲ.

ಅಪ್ಪನ ಉಳಿ ಮಾತ್ರ ಹಾಲೆಮರದ ಪ್ರತಿ ತುಂಡಿನಲ್ಲೂ
ಹುಬ್ಬಿನ ಕೆಳಗೆ ಬಂದು ನಿಲ್ಲುತ್ತಿತ್ತು.
“ಯಾರ ಮುಖಕ್ಕೆ ಇದು?”
“ಗೋಡೆಗಪ್ಪಾ, ಗೋಡೆಗೆ.”
“ಹಾಗಾದರೆ ಗೋಡೆಯನ್ನು ಕರಕೊಂಡು ಬಾ, ಅಳೆಯುತ್ತೇನೆ.”

ಹನ್ನೊಂದು ಕುರುಡು ಮುಖಗಳನ್ನು ಹುಲ್ಲಿನಲ್ಲಿ ಸುತ್ತಿದೆ.
ಹನ್ನೆರಡನೆಯದನ್ನು ಎತ್ತಿದರೆ
ಒಲೆಯ ಬೆಂಕಿ ಎರಡು ಕಡೆಯಿಂದ ತೂರಿ ಬಂತು.
ಯಾರೂ ಇಲ್ಲವೆಂದು ನೋಡಿ ಮುಖಕ್ಕೆ ಹಿಡಿದೆ,
ಹೆಂಗಸರು ಕಟ್ಟುವ ಮೊಗವಲ್ಲ ಅದು.
ಕೂತಿತು. ಮೂಗು, ಕೆನ್ನೆ, ಕಣ್ಣಿಗೆ ಕಣ್ಣು.
ಮೊಳೆಯಲ್ಲಿ ನನ್ನ ದಾರವಿಲ್ಲ.

ಹೋಟೆಲಿನ ಚೀಟಿಯಲ್ಲಿ ಬರೆದೆ:
ಒಂದು ಸೀಳಿ ಹೋಯಿತು, ಅದರ ಹಣ ಮುರಿದುಕೊಳ್ಳಿ.